ಜನರಲ್ ಸಾಹೇಬರ ಪರವಾಗಿ

ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ಮಗಳ ಮನೆಯಲ್ಲಿದ್ದ ಶರಣಬಸಪ್ಪನವರಿಗೆ ಎಂಬತ್ತು ದಾಟಿದ ಮೇಲೆ ಒಂದೇ ಹಂಬಲ ಉಳಿದಿತ್ತು. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನದಂದು ಹಳೆಯ ಸೈನಿಕರ ಸಾಲಿನಲ್ಲಿ ಒಮ್ಮೆಯಾದರೂ ಹೆಜ್ಜೆ ಹಾಕಬೇಕು. ೨೦೦೩ರಲ್ಲಿ ಅಂತೂ ಹೊರಟರು. ಮೊಣಕಾಲು ಇನ್ನೊಂದು ವರ್ಷ ಕಾಯುವಂತಿರಲಿಲ್ಲ.

ಗದಗಿನಲ್ಲಿ ಹತ್ತಿ ಲಾರಿ ಓಡಿಸುತ್ತಿದ್ದವರು ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆ ಸೇರಿ, ಬರ್ಮಾದಲ್ಲಿ ಜನರಲ್ ಆಲ್ಡ್ರಿಜ್ ಎಂಬ ಇಂಗ್ಲಿಷ್ ಸಾಹೇಬರ ಡ್ರೈವರ್ ಆದರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಇವರು ಸ್ಟೀರಿಂಗ್ ಮುಟ್ಟುತ್ತಿರಲಿಲ್ಲ. ಮೊದಲ ದಿನ ಜನರಲ್ ಕೆಂಡವಾದರು. ಆಮೇಲಾಮೇಲೆ ಜೀಪಿನ ಬಾನೆಟ್ ಮೇಲೆ ನಕಾಶೆ ಹರಡಿಕೊಂಡು ತಾವೇ ಕಾಯತೊಡಗಿದರು. ನಿನ್ನ ದೊಡ್ಡ ಸಾಹೇಬರ ಅಪ್ಪಣೆ ಆಯಿತೇ ಎಂದು ಮುರುಕು ಹಿಂದೂಸ್ತಾನಿಯಲ್ಲಿ ಕೇಳುತ್ತಿದ್ದರಂತೆ.

ಜಪಾನೀಯರು ಸುತ್ತುವರಿದಾಗ, ಮೇಲಿನವರ ಹುಕುಮಿಗೆ ಕಾಯದೆ ಜನರಲ್ ತಮ್ಮ ದಂಡನ್ನು ನದಿ ದಾಟಿಸಿ ಹಿಂದಕ್ಕೆ ತಂದರು. ಜನ ಉಳಿದರು, ಜನರಲ್ಲರ ಹುದ್ದೆ ಉಳಿಯಲಿಲ್ಲ. ಪುಣೆಯ ತರಬೇತಿ ಶಿಬಿರಕ್ಕೆ ತಳ್ಳಿಸಿಕೊಂಡರು. ಬೇರೆ ಸಾಹೇಬರ ಕಾರು ಸಿಗುತ್ತಿದ್ದರೂ ಶರಣಬಸಪ್ಪ ಅವರ ಹಿಂದೆಯೇ ಹೋದರು. ಎರಡು ವರ್ಷದ ಮೇಲೆ ಇಂಫಾಲದಲ್ಲಿ ಯುದ್ಧ ಬಿಗಿಯಾದಾಗ ಅದೇ ಜನರಲ್ಲರಿಗೆ ಕರೆ ಬಂತು. ಒಂದು ದರ್ಜೆ ಕೆಳಗಿನ ಹುದ್ದೆ. ಅವರು ತಕರಾರು ಮಾಡಲಿಲ್ಲ. ಆ ಸಲ ಹಿಂದೆ ಸರಿದವರು ಜಪಾನೀಯರು. ಪತ್ರಿಕೆಗಳಲ್ಲಿ ಮಾತ್ರ ಬೇರೆ ಸಾಹೇಬರ ಚಿತ್ರ ಬಂತು. ಯುದ್ಧ ಮುಗಿದ ಮೇಲೆ ಜನರಲ್ ತಮ್ಮ ಊರಿಗೆ ಹೋಗಿ ಜೇನು ಸಾಕುತ್ತ, ಮದುವೆಯಾಗದೆಯೇ, ತೀರಿಕೊಂಡರು.

ಆನ್ಜಾಕ್ ದಿನ ಮಗಳು ದ್ರಾಕ್ಷಾಯಣಿ ಇಸ್ತ್ರಿ ಮಾಡಿಕೊಟ್ಟ ಕೋಟಿನ ಬಲಗಡೆಗೆ ಶರಣಬಸಪ್ಪ ತಮ್ಮ ಯುದ್ಧದ ಪದಕಗಳನ್ನು ಚುಚ್ಚಿಕೊಂಡರು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಅಂಗಿಯೊಳಗೆ ಎಡ ಎದೆಗೆ ಒರಗಿರುತ್ತಿತ್ತು. ಅದರ ಮೇಲೆ ಬೇರೇನೂ ಏರಬಾರದೆಂಬುದು ಅವರ ನಿಯಮ.

ಸ್ಮಾರಕದ ಬಳಿ ಸಾಲು ಹೊಂದಿಸುತ್ತಿದ್ದ ಮುದುಕ ಅವರನ್ನು ಮೆಲ್ಲಗೆ ಹಿಂದಕ್ಕೆ ಕಳಿಸಿದ. ಈ ದೇಶದಲ್ಲಿ ತನ್ನ ಪದಕ ಎಡಕ್ಕೆ, ತೀರಿಹೋದ ಹಿರಿಯರ ಪದಕ ಬಲಕ್ಕೆ. ಬಲಕ್ಕೆ ಧರಿಸಿದವರು ಮನೆಯವರ ಸಾಲಿನಲ್ಲಿ ನಡೆಯಬೇಕು.

ಅಳಿಯ ರುದ್ರೇಶ ಕಿವಿಯ ಹತ್ತಿರ ಬಗ್ಗಿದ. "ಮಾವಾರ, ಒಂದ್ ತಾಸಿನ ಮಾತು. ಎಡಕ್ಕ ಹಚ್ಚಿಬಿಡ್ರಿ."

"ಗುಂಡು ಹಾರೂ ಮುಂದ ಈ ಕರಡಿಗಿ ತಗದಿಟ್ಟಿಲ್ಲ. ಈಗ ಇದರ ಮ್ಯಾಲ ತಗಡು ಬಡೀಲೇನು?"

ಹಾಗಾದರೆ ಆ ಮುದುಕನಿಗೆ ತಾನೇ ತಿಳಿಸಿ ಹೇಳುತ್ತೇನೆಂದು ರುದ್ರೇಶ ಹೊರಟ. ಶರಣಬಸಪ್ಪ ಹಿಂದಿನ ಸಾಲನ್ನೇ ನೋಡುತ್ತಿದ್ದರು. ಒಬ್ಬಾಕೆ ಅಜ್ಜನ ಫೋಟೋ ಹಿಡಿದಿದ್ದಳು. ಪಕ್ಕದವನು ತನ್ನ ಚಿಕ್ಕಪ್ಪನ ಹೆಸರು ಹೇಳುತ್ತಿದ್ದ. ಅವರು ಅಳಿಯನ ತೋಳು ಹಿಡಿದು ನಿಲ್ಲಿಸಿದರು.

"ಬ್ಯಾಡ ಬಿಡ್ರಿ. ನಮ್ಮ ಸಾಹೇಬ್ರಿಗೆ ಹೆಂಡ್ತಿಲ್ಲ, ಮಕ್ಕಳಿಲ್ಲ. ಅವರ ಸಲುವಾಗಿ ಯಾರ್ ನಡೀತಾರ? ನಾನಽ ನಡೀತೀನಿ."

ಯಾರ ಪರವಾಗಿ ಬಂದಿರಿ ಎಂದು ಮುಂದೆ ನಿಂತಾಕೆ ಕೇಳಿದಳು. ಜನರಲ್ ಆಲ್ಡ್ರಿಜ್ ಎಂದರು. ನಿಮಗೇನಾಗಬೇಕು ಎಂದದ್ದಕ್ಕೆ ಸ್ವಲ್ಪ ಯೋಚಿಸಿ, ನಾನು ಅವರ ಡ್ರೈವರ್ ಎಂದರು. ಆಕೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ಡೋಲು ಮೊಳಗಿತು. ಸಾಲು ಹೊರಟಿತು. ಶರಣಬಸಪ್ಪನವರ ಬೆನ್ನು ನೆಟ್ಟಗಾಯಿತು. ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ ಅಳಿಯನ ಕಾಲನ್ನು ಓರೆಗಣ್ಣಿನಲ್ಲಿ ನೋಡಿ ಗದರಿದರು:

"ಬಲಗಾಲು ಅಲ್ರಿ ಮಾರಾಯ್ರ, ಎಡಗಾಲು ಮದ್ಲ. ಮದಿವಿ ಮನಿಗೆ ಹೊಂಟೀರೇನು?"