ವೇದಿಕೆಯ ಮೇಲಿನ ಸೈಕಲ್

ಜಿಮ್ಮಿನ ಮೇಲಂತಸ್ತಿನ ಹಾಲ್‌ನಲ್ಲಿ, ಎಷ್ಟು ತುಳಿದರೂ ಜಾಗ ಬಿಟ್ಟು ಕದಲದ ಸೈಕಲ್‌ಗಳು ಸಾಲಾಗಿ ನಿಂತಿವೆ. ಎದುರಿಗೆ ಮರದ ವೇದಿಕೆ; ಅದರ ಮೇಲಿನ ಸೈಕಲ್ ತರಬೇತಿ ಕೊಡುವ ಮೇಡಂದು. ಅಲ್ಲಿ ಕೂತು ಅವರು ವರ್ಷಗಳಿಂದ ಹೇಳುತ್ತಿರುವುದು ಒಂದೇ ಪಾಠ: ಸ್ವಲ್ಪ ಹೊತ್ತು ನಾಬ್ ತಿರುಗಿಸಿ ಲೋಡ್ ಏರಿಸಿ, ಪೆಡಲ್ ಬಿಗಿಯಾದ ಮೇಲೆ ಜೀವ ಹೋಗುವಂತೆ ತುಳಿಯಿರಿ, ಆಮೇಲೆ ಅಷ್ಟೇ ಹೊತ್ತು ಲೋಡ್ ಇಳಿಸಿ ಸುಮ್ಮನೆ ಕಾಲಾಡಿಸಿ. ಸುಧಾರಿಸಿಕೊಳ್ಳದೆ ತುಳಿದರೆ ಮುಂದಿನ ಸುತ್ತು ಬರೀ ನಾಟಕ ಎಂದು ಹೊಸಬರನ್ನು ಗದರಿಸುತ್ತಾರೆ.

ನಾಟಕ ಆಡುತ್ತಿದ್ದವರು ಅವರೇ. ದಿನಕ್ಕೆ ನಾಲ್ಕು ಬ್ಯಾಚ್ ತುಳಿದು ಎಡ ಮಂಡಿ ಸವೆದಿದೆ. ಕೆಲವು ತಿಂಗಳು ಸೈಕಲ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಸಂಜೆಯ ಬ್ಯಾಚಿಗೆ ಹಾಜರಾಗಿದ್ದರು. ಅಂದಿನಿಂದ, ಲೋಡ್ ಏರಿಸಿ ಎನ್ನುವಾಗ ತಮ್ಮ ನಾಬಿನ ಮೇಲೂ ಕೈಯಿಟ್ಟು ಮಣಿಕಟ್ಟು ತಿರುಗಿಸುವರು, ನಾಬ್ ತಿರುಗುತ್ತಿರಲಿಲ್ಲ. ಹಲ್ಲು ಕಚ್ಚಿ, ಮುಂದಕ್ಕೆ ಬಾಗಿ, ಹಗುರ ಚಕ್ರವನ್ನೇ ತುಳಿಯುವರು.

ಗುಟ್ಟು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. "ದಿನವಿಡೀ ತುಳೀತೀಯ, ಒಂದು ಬೀದಿ ದಾಟಿಲ್ಲ ನೋಡು" ಎಂದು ಮಂಡಿಗೆ ಐಸ್ ಒತ್ತುತ್ತ ಕಿಚಾಯಿಸುತ್ತಾಳೆ. ಬೇರೆ ಕೆಲಸ ನೋಡು ಎಂದೂ ಹೇಳಿದ್ದಾಳೆ. ಮೇಡಂಗೆ ಬೇರೆ ಕೆಲಸ ಬರುವುದಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇರುವವರಿಗೆ ಇದೂ ಹೋದರೆ ಭಾವನ ಹಂಗಿನ ಊಟ. ಭಾವ ಒಳ್ಳೆಯವರೇ, ಅದೇ ಕಷ್ಟ.

ಹೋದ ವಾರ ಮಾಲೀಕರು ಹೊಸ ಸೈಕಲ್‌ಗಳನ್ನು ತರಿಸಿದರು. ಯಾರು ಎಷ್ಟು ಬಲ ಹಾಕುತ್ತಿದ್ದಾರೆಂಬುದು ಗೋಡೆಯ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ವೇದಿಕೆಯ ಹಳೇ ಸೈಕಲನ್ನು ಹಾಗೇ ಬಿಡಬಹುದಲ್ಲ ಎಂದು ಮೇಡಂ ಕೇಳಿ ನೋಡಿದರು. ನಿಮ್ಮನ್ನು ನೋಡಿಯೇ ಅವರು ತುಳಿಯುವುದು ಎಂಬ ಉತ್ತರ ಬಂತು.

ಮರುದಿನ ಬೆಳಗ್ಗೆ ಮೊದಲ ಸುತ್ತು ಮುಗಿದಾಗ ಪರದೆಯಲ್ಲಿ ಎಲ್ಲರಿಗಿಂತ ಕೆಳಗಿದ್ದವರು ಮೇಡಂ. ಮುಂದಿನ ಸಾಲಿನ ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡರು.

"ಏನ್ ಮೇಡಂ, ನನಗಿಂತ ಹಿಂದೆ? ಮಿಷಿನ್ನೇ ಕೆಟ್ಟಿರ್ಬೇಕು ಬಿಡಿ."

ಎಲ್ಲರೂ ನಕ್ಕರು. ಗಾಜಿನ ಬಾಗಿಲಾಚೆ ನಿಂತಿದ್ದ ಮಾಲೀಕರು ನಗಲಿಲ್ಲ.

ಎರಡನೆಯ ಸುತ್ತಿಗೆ ನಾಬ್ ನಿಜವಾಗಿ ತಿರುಗಿತು. ಮೂರನೆಯದಕ್ಕೆ ಇನ್ನಷ್ಟು. ಕೊನೆಯ ಸುತ್ತಿನ ಹೊತ್ತಿಗೆ ಅವರ ಅಂಕಿ ಎಲ್ಲರಿಗಿಂತ ಮೇಲಿತ್ತು. ಹೆಡ್‌ಮಾಸ್ಟರೇ ಮೊದಲು ಚಪ್ಪಾಳೆ ತಟ್ಟಿದರು. ಇನ್ನು ಸುಧಾರಿಸಿಕೊಳ್ಳಿ ಎಂದು ಹೇಳಲು ಮೇಡಂಗೆ ಉಸಿರು ಸಾಲಲಿಲ್ಲ. ಕೈಸನ್ನೆ ಮಾಡಿದರು.

ಮಾಲೀಕರು ಒಳಗೆ ಬಂದರು. ಮುಖ ಅರಳಿತ್ತು.

"ನೋಡಿದ್ರಾ, ನಿಮ್ಮ ಕೈಲಾಗುತ್ತೆ. ಇನ್ಮೇಲೆ ಇದಕ್ಕಿಂತ ಕೆಳಗೆ ಇಳೀಬೇಡಿ."

ಹೊಗಳಿಕೆಯೆಂದೇ ಹೇಳಿದ್ದರು. ಆಗಲಿ ಎಂದರು ಮೇಡಂ.

ಎರಡನೆಯ ಬ್ಯಾಚಿನವರು ಆಗಲೇ ಸೀಟು ಏರಿಳಿಸುತ್ತಿದ್ದರು. ಇಳಿದರೆ ಮತ್ತೆ ಹತ್ತಲಾಗದೆಂದು ಮೇಡಂ ಸೈಕಲ್ ಬಿಟ್ಟಿರಲಿಲ್ಲ. ಪೆಡಲಿನಿಂದ ಜಾರಿ ಜೋತಾಡುತ್ತಿದ್ದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟು, ಪಟ್ಟಿ ಬಿಗಿದುಕೊಂಡರು. ಮೊದಲು ಲೋಡ್ ಬೇಡ, ನಿಧಾನಕ್ಕೆ ಶುರುಮಾಡಿ ಎಂದರು.