ಹುರುಳಿ ಹಾಸಿದ ರಸ್ತೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನು ಪಾಠ ಮಾಡುವ ಹನೂರಿನ ಸ್ಕೂಲಿನ ಮಕ್ಕಳಿಗೆ ಗೊತ್ತು, ಹೆಡ್‌ಮಾಸ್ತರಿಗೂ ಗೊತ್ತು. ಕಾಮಗೆರೆ ದಾಟಿದ ಮೇಲಿನ ತಿರುವಿನಲ್ಲಿ, ಮಂಜಿನೊಳಗಿಂದ ಬಂದು ನನ್ನ ಕಾರಿಗೆ ಕೈ ಅಡ್ಡ ಹಿಡಿದ ಪೊಲೀಸಿನವರಿಗೆ ಮಾತ್ರ ಗೊತ್ತಿರಲಿಲ್ಲ.

ಮಾಗಿ ಚಳಿಯ ಬೆಳಗು. ನಮ್ಮ ಕಡೆ ಆ ಕಾಲಕ್ಕೆ ಹುರುಳಿ ಕಿತ್ತು ತಂದು ರಸ್ತೆಗೇ ಹಾಸುತ್ತಾರೆ. ಸಗಣಿ ಸಾರಿಸಿ ಕಣ ಮಾಡಿ, ಎತ್ತು ಕಟ್ಟಿ ತುಳಿಸುವ ತಾಳ್ಮೆ ಈಗ ಯಾರಿಗಿದೆ? ಟಾರು ರೋಡೇ ಕಣ, ಬಂದುಹೋಗುವ ಬಸ್ಸು ಲಾರಿಗಳೇ ಎತ್ತು. ಕುಂತೂರಿಗೆ ಕಬ್ಬು ಹೊತ್ತು ಹೋಗುವ ಒಂದು ಟ್ರ್ಯಾಕ್ಟರ್ ಹತ್ತಿ ಇಳಿದರೆ ಸಾಕು, ಅರ್ಧ ಒಕ್ಕಣೆ ಪುಕ್ಕಟೆ ಆದ ಹಾಗೆ. ನಾವೆಲ್ಲ ಮಾಡಿಕೊಂಡು ಬಂದದ್ದೇ ಇದು. ಚಕ್ರದ ಕೆಳಗೆ ಕಾಯಿ ಪಟಪಟ ಒಡೆಯುವ ಸದ್ದು ಕೇಳಿಕೊಂಡೇ ಬೆಳೆದವಳು ನಾನು. ಈಗ ಆ ಸದ್ದು ಕೇಳಿದರೆ ಕಾರಿನ ಗಾಜು ಏರಿಸಿಬಿಡುತ್ತೇನೆ.

ಮಂಜಿನಲ್ಲಿ ಖಾಕಿ ಕಂಡಿದ್ದೇ ಬ್ರೇಕ್ ಒತ್ತಿದೆ. ಕಾರು ನನ್ನ ಮಾತು ಕೇಳಲಿಲ್ಲ. ಹುರುಳಿಯ ಮೇಲೆ ಅಡ್ಡಡ್ಡ ಜಾರಿ, ಬೆಳೆಗೆ ಕಾವಲು ಇಟ್ಟಿದ್ದ ಕಲ್ಲನ್ನು ಗುದ್ದಿ, ಕಾನ್‌ಸ್ಟೇಬಲ್ಲಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಆತ ಹಿಂದಕ್ಕೆ ಹಾರಿ ಚರಂಡಿಯಲ್ಲಿದ್ದ. ಮರದ ಪಕ್ಕದ ಜೀಪಿನಿಂದ ಎಎಸ್‌ಐ ಇಳಿದು ಬಂದರು.

"ಎಷ್ಟ್ ಸ್ಪೀಡಲ್ಲಿ ಬಂದ್ರಿ ಗೊತ್ತಾ ಮೇಡಂ?"

"ನಲವತ್ತೈದು. ಬೋರ್ಡಲ್ಲಿ ಅರವತ್ತು ಅಂತಿದೆ. ಓದೋಕೆ ಬರುತ್ತಲ್ಲ ನಿಮಗೆ?"

"ಬೋರ್ಡು ಬಿಸ್ಲಲ್ಲಿ ಓಡ್ಸೋರ್ಗೆ ಆಕಿರದು. ಮಂಜು ಅದೆ, ರೋಡ್ ತುಂಬ ಉಳ್ಳಿ ಅದೆ. ಇಲ್ಲಿ ನಲವತ್ತೈದೂ ಸ್ಪೀಡೇಯ."

"ನಿಮ್ಮನ್ನ ನೋಡಿ ಬ್ರೇಕ್ ಹಾಕಿದ್ದಕ್ಕೇ ಜಾರಿದ್ದು! ನೀವು ಕಳ್ಳರ ಥರ ಮರದ ಮರೆಯಲ್ಲಿ ನಿಲ್ಲದೇ ಇದ್ದಿದ್ದರೆ ನನ್ನ ಪಾಡಿಗೆ ನಾನು ಹೋಗ್ತಿದ್ದೆ."

ಆ ಮನುಷ್ಯ ಕೋಪ ಮಾಡಿಕೊಳ್ಳಲಿಲ್ಲ, ಅದೇ ನನ್ನನ್ನು ಇನ್ನಷ್ಟು ಉರಿಸಿತು. ಅಪಾಯಕಾರಿ ಚಾಲನೆ ಎಂದು ಬರೆದರು. ದಂಡ ಕಟ್ಟಿ ಹೋಗಿಬಿಡಿ ಅಂದರು. ಕಟ್ಟಲ್ಲ, ಕೋರ್ಟಲ್ಲೇ ನೋಡ್ಕೋತೀನಿ ಅಂದೆ.

ನಾನು ಅವರಿಗೆ ಹೇಳದೇ ಇದ್ದದ್ದು ಒಂದಿದೆ. ಆ ತಿರುವಿನಲ್ಲಿ ನಾನು ಯಾವತ್ತೂ ನಿಧಾನ ಮಾಡಿದವಳಲ್ಲ. ನಿಧಾನ ಮಾಡಿದರೆ ನನ್ನ ತಮ್ಮ ಪಕ್ಕದಲ್ಲೇ ಬೈಕಿನಲ್ಲಿ ಬರುತ್ತಿದ್ದಾನೆ ಅನಿಸುತ್ತದೆ. ಕಿಟಕಿಯ ಆಚೆ, ತೋಳಿಗೆ ತಾಗುವಷ್ಟು ಹತ್ತಿರ. ಮಂಜಿದ್ದ ದಿನ ಅವನ ಬೈಕಿನ ಇಂಜಿನ್ ಕೂಡ ಕೇಳಿಸಿದೆ, ಆಣೆ ಮಾಡಿ ಹೇಳುತ್ತೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅದಕ್ಕೇ ಆ ಜಾಗ ಬಂದರೆ ಕಾಲು ತಾನಾಗಿ ಆಕ್ಸಲರೇಟರ್ ಒತ್ತುತ್ತದೆ.

ಅವನು ಸತ್ತದ್ದು ಅಲ್ಲೇ. ಹತ್ತು ವರ್ಷದ ಮೇಲಾಯಿತು. ಬಂಡಳ್ಳಿ ಕಡೆ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ. ಬೈಕ್ ಜಾರಿ, ಸೇತುವೆ ಕಟ್ಟೆಗೆ ತಲೆ ಬಡಿಯಿತು. ಹಾಸಿದ್ದ ಹುರುಳಿ ನಮ್ಮದೇ. ನಮ್ಮ ಹೊಲ ಆ ರಸ್ತೆಗೇ ಅಂಟಿಕೊಂಡಿತ್ತು, ಬೆಳಗ್ಗೆ ಹಾಸಿದ್ದವಳು ಅವ್ವ. ಆ ಹೊತ್ತಿಗೆ ಅವಳು ಬುತ್ತಿ ತರಲು ಮನೆಗೆ ಹೋಗಿದ್ದಳು ಎಂದು ಎಲ್ಲರೂ ಹೇಳಿದರು. ಅವಳು ಬರುವುದರೊಳಗೆ, ಪೊಲೀಸರು ಬರುವುದರೊಳಗೆ, ಅಪ್ಪ ಮತ್ತು ಅಕ್ಕಪಕ್ಕದ ಹೊಲದವರು ಪೊರಕೆ ಹಿಡಿದು ರಸ್ತೆ ಗುಡಿಸಿಬಿಟ್ಟರು. ಮಗನ ರಕ್ತ ಅಲ್ಲೇ ಇತ್ತು, ಹುರುಳಿ ಒಂದು ಕಾಳೂ ಇರಲಿಲ್ಲ. "ಸ್ಪೀಡಲ್ಲಿ ಬಂದ ಸಾ, ಯಾವಾಗ್ಲೂ ಸ್ಪೀಡೇಯ" ಎಂದು ಅಪ್ಪ ಬರೆಸಿದ.

ಯಾಕೆ ಎಂದು ಅಪ್ಪ ನನ್ನೊಬ್ಬಳಿಗೆ ಹೇಳಿದ. ಹಾಸಿದವಳ ಮೇಲೆ ಕೇಸಾಗುತ್ತದೆ ಎಂಬುದು ಹೋಗಲಿ, ತಾನು ಹಾಸಿದ ಬೆಳೆಯ ಮೇಲೆ ಮಗ ಬಿದ್ದ ಎಂದು ಗೊತ್ತಾದರೆ ನಿಮ್ಮವ್ವ ಉಳೀತಾಳಾ ಅಂದ. ಹಾಗಾಗಿ ಹುರುಳಿ ಬಾಚಿಯಾದ ಮೇಲೆ ತಮ್ಮ ಬಂದ, ಖಾಲಿ ರಸ್ತೆಯಲ್ಲಿ ತನ್ನ ವೇಗಕ್ಕೆ ತಾನೇ ಬಿದ್ದ ಎಂದಾಯಿತು. ಇಡೀ ಊರು ಆ ಮಾತಿಗೆ ನಿಂತಿತು. ತಿಥಿಗೆ ಬಂದವರೂ ಅದನ್ನೇ ಅಂದರು. ಈಗಿನ ಹುಡುಗರು ಗಾಡಿ ಕೊಟ್ಟರೆ ಹಿಂದೆ ಮುಂದೆ ನೋಡಲ್ಲ ಅಂದರು. ಅವ್ವ ತಲೆಬಗ್ಗಿಸಿ ಕೂತಿರುತ್ತಿದ್ದಳು. ಅಪ್ಪ ಹೋದ ಮೇಲೆ ಕೊಳ್ಳೇಗಾಲಕ್ಕೆ ಕರೆತಂದು ನನ್ನ ಜೊತೆಗೇ ಇಟ್ಟುಕೊಂಡೆ. ನಮ್ಮ ಮನೆಯಲ್ಲಿ ಹುರುಳಿ ಬಸ್ಸಾರು ಮಾಡುವುದಿಲ್ಲ. ಆ ಹೆಸರನ್ನೂ ಎತ್ತುವುದಿಲ್ಲ.

ಕೇಸು ಬರೆದ ದಿನ ಸಂಜೆ ಮನೆಗೆ ಬಂದವಳು ಫೋನಿನಲ್ಲಿ ನನ್ನ ಜೊತೆಯ ಮೇಡಂ ಹತ್ತಿರ ಕೂಗಾಡುತ್ತಿದ್ದೆ. ಎಎಸ್‌ಐಯ ವಂಶವನ್ನೆಲ್ಲ ಜಾಲಾಡಿದ್ದಾಯಿತು. ಅವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದಳು:

"ನಿದಾನುಕ್ಕೆ ಬತ್ತಿದ್ರೂ ಬ್ರೇಕ್ ಆಕುದ್ರೆ ಜಾರ್ತದಾ ಅಮ್ಮಿ?"

"ಜಾರದೆ ಇನ್ನೇನವ್ವ? ಹುರುಳಿ ಮೇಲೆ ಬ್ರೇಕ್ ಹಾಕಿದರೆ ಎಂಥ ನಿಧಾನ ಇದ್ದರೂ..."

ಅಲ್ಲಿಗೆ ನಾಲಗೆ ಕಚ್ಚಿಕೊಂಡೆ. ಅವ್ವನ ಕೈ ಮೊರದಲ್ಲೇ ನಿಂತಿತ್ತು. "ಕೋರ್ಟಿಗೆ ನಾನೂ ಬತ್ತೀನಿ" ಅಂದಳು. ಅದೇನು ಸಿನಿಮಾನಾ ಬರೋಕೆ ಎಂದು ಗದರಿದೆ. ಅವಳು ಸಿಪ್ಪೆ ಬಾಚಿಕೊಂಡು ಎದ್ದು ಹೋದಳು.

ವಕೀಲರು ಯಳಂದೂರಿನವರು, ನನ್ನ ಜೊತೆ ಓದಿದವರು, ದಿನಾ ಬಸ್ಸಿನಲ್ಲಿ ಕೊಳ್ಳೇಗಾಲದ ಕೋರ್ಟಿಗೆ ಬರುತ್ತಾರೆ. ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೋರ್ಡಿನ ಅಂಕಿ ದಾಟಿದರೆ ಒಂದು ತಪ್ಪು. ಅಂಕಿಯ ಒಳಗೇ ಇದ್ದರೂ ರಸ್ತೆ, ಜನ, ಮಂಜು ನೋಡದೆ ಓಡಿಸಿದರೆ ಅದು ಬೇರೆ ತಪ್ಪು. ಎರಡನೆಯದರಿಂದ ಬೋರ್ಡಿನ ಅಂಕಿ ನಿಮ್ಮನ್ನು ಕಾಪಾಡುವುದಿಲ್ಲ.

"ಮತ್ತೆ ನಾನು ಸುಮ್ಮನೆ ಕಟ್ಟಬೇಕಾ?"

"ಯಾಕ್ ಕಟ್ತೀರಾ? ರಸ್ತೆಗೆ ಬೆಳೆ ಹಾಸೋದೇ ತಪ್ಪು. ಅದನ್ನ ತೆಗೆಸೋದು ಬಿಟ್ಟು ಪಕ್ಕದಲ್ಲಿ ನಿಂತು ದಂಡ ಹಾಕ್ತಾರಾ ಅಂತ ಕೇಳೋಣ. ತಪ್ಪನ್ನ ಹಾಸ್ದೋರ ಮೇಲೆ ಹಾಕೋಣ. ಆ ಜಾಗದಲ್ಲಿ ಹಿಂದೆ ಹೀಗೇ ಯಾರಾದ್ರೂ ಬಿದ್ದಿದ್ರೆ ಇನ್ನೂ ಗಟ್ಟಿ." ಅಷ್ಟು ಹೇಳಿ ಅವರು ನನ್ನ ಮುಖ ನೋಡಿದರು. ನನ್ನ ತಮ್ಮನ ವಿಷಯ ಅವರಿಗೂ ಗೊತ್ತಿತ್ತು.

"ಅದನ್ನ ಮುಟ್ಟಬೇಡಿ. ನಮ್ಮವ್ವ ಇದ್ದಾಳೆ" ಅಂದೆ. ಅವರು ತಲೆಯಾಡಿಸಿದರು.

ವಿಚಾರಣೆಯ ದಿನ ಅವ್ವ ನನಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಬೈದು ಉಪಯೋಗವಿಲ್ಲ ಎಂದು ಕಾರಿಗೆ ಹತ್ತಿಸಿಕೊಂಡೆ. ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಳು. ಜಡ್ಜ್ ಚಿಕ್ಕ ವಯಸ್ಸಿನವರು, ಸಾವಧಾನವಾಗಿ ಕೇಳುತ್ತಿದ್ದರು. ಎಎಸ್‌ಐ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಒಂದು ಸುಳ್ಳೂ ಸೇರಿಸಲಿಲ್ಲ. ನಮ್ಮ ವಕೀಲರು ಎದ್ದರು. ಬೆಳೆ ಇತ್ತೇ? ಇತ್ತು. ತೆಗೆಸಿದಿರಾ? ಇಲ್ಲ. ಕೇಳುತ್ತಾ ಕೇಳುತ್ತಾ ಅವರಿಗೆ ಹುಮ್ಮಸ್ಸು ಬಂದುಬಿಟ್ಟಿತು. ನಾನು ಬೇಡ ಎಂದದ್ದು ಮರೆತೇ ಹೋಯಿತೋ, ಬೇಕೆಂದೇ ಮಾಡಿದರೋ, ಇವತ್ತಿಗೂ ನಾನು ಕೇಳಿಲ್ಲ.

"ಅದೇ ತಿರುವಿನಲ್ಲಿ ಹಿಂದೆ ಒಬ್ಬ ಹುಡುಗ ಬೈಕಿನಿಂದ ಬಿದ್ದು ಸತ್ತದ್ದು ನಿಮಗೆ ಗೊತ್ತಿದೆಯೇ?"

"ಗೊತ್ತು ಸಾರ್. ಅದು ಓವರ್‌ಸ್ಪೀಡ್ ಕೇಸು. ಅವನದೇ ತಪ್ಪು."

ಹಿಂದೆ ಬೆಂಚು ಕಿರುಗುಟ್ಟಿತು. ನಾನು ತಿರುಗುವುದರೊಳಗೆ ಅವ್ವ ಎದ್ದು ನಿಂತಾಗಿತ್ತು.

"ನನ್ ಮಗ ಸ್ಪೀಡಲ್ಲಿ ಬರ್ನಿಲ್ಲ ಸ್ವಾಮಿ."

ಪೇದೆ ಕೂರಿಸಲು ಹೋದ. ಜಡ್ಜ್ ಕೈಸನ್ನೆಯಲ್ಲೇ ತಡೆದು, ಯಾರಮ್ಮ ನೀವು ಎಂದು ಕೇಳಿದರು. ಅವ್ವ ಹೆಸರು ಹೇಳಲಿಲ್ಲ.

"ಉಳ್ಳಿ ಆಸಿದ್ದೋಳು ನಾನು. ಬುತ್ತಿ ತಕಂಡು ಬಂದು ಒಂಗೆಮರದ ತಾವ್ ನಿಂತಿದ್ದೆ. ಮೆಲ್ಲಗೇ ಬತ್ತಿದ್ದ. ನಾನೇ ಕೂಗ್ದೆ, ಲೇ ಮಗ, ಉಂಡ್ಕಂಡು ಓಗ್ಲಾ ಅಂತ. ನನ್ ದನಿ ಕೇಳಿ ಬ್ರೇಕ್ ಆಕ್ದ. ಮೊನ್ನೆ ಇವ್ಳು ಆಕ್ದಂಗೇಯ." ಅವಳು ಜಡ್ಜ್ ಕಡೆಗೆ ಒಂದು ಹೆಜ್ಜೆ ಮುಂದೆ ಬಂದಳು. "ಸ್ಪೀಡಲ್ಲ ಸ್ವಾಮಿ. ಎಲ್ರೂ ಸ್ಪೀಡು ಸ್ಪೀಡು ಅಂತಾರೆ. ಅವ್ನು ಸ್ಪೀಡಲ್ಲಿ ಬರ್ನಿಲ್ಲ ಅಂತ ಬರ್ಕಳಿ."

ಟೈಪ್ ಮಾಡುತ್ತಿದ್ದವರು ಕೈ ಎತ್ತಿ ಜಡ್ಜ್ ಮುಖ ನೋಡಿದರು. ಜಡ್ಜ್ ಕನ್ನಡಕ ತೆಗೆದರು.

"ಅಮ್ಮಾ, ಆ ಕೇಸು ಇಲ್ಲಿಲ್ಲ. ಅದು ಯಾವತ್ತೋ ಮುಗಿದುಹೋಗಿದೆ. ಇಲ್ಲಿರೋದು ನಿಮ್ಮ ಮಗಳ ಕೇಸು."

"ಇಲ್ಲಿಲ್ದಿದ್ರೆ ಇನ್ನೆಲ್ಲದೆ ಸ್ವಾಮಿ? ಯೋಳಿ, ಅಲ್ಗೇ ಓಯ್ತೀನಿ."

ಎಎಸ್‌ಐ ನೆಲ ನೋಡುತ್ತಾ ನಿಂತಿದ್ದರು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, ತಾನಾಗಿ ಕೂತಳು.

ನನ್ನ ಕೇಸಿನ ತೀರ್ಪು ಆಮೇಲೆ ಬಂತು. ಬೆಳೆ ಹಾಸಿದವರದೂ ತಪ್ಪೇ, ತೆಗೆಸದವರದೂ ತಪ್ಪೇ; ಆದರೆ ಇವರು ದಿನಾ ಓಡಾಡುವ ರಸ್ತೆ, ಮಂಜಿತ್ತು, ಬೆಳೆ ಇರುವುದು ಗೊತ್ತಿತ್ತು, ಆದರೂ ನಿಧಾನ ಮಾಡಲಿಲ್ಲ, ಎಂದರು. ಸರಿಯಾಗಿಯೇ ಹೇಳಿದರು. ಯಾಕೆ ನಿಧಾನ ಮಾಡಲಿಲ್ಲ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ದಂಡ ಕಟ್ಟಿ ಬಂದೆ. ವಕೀಲರು ಮೆಟ್ಟಿಲ ಹತ್ತಿರ ಏನೋ ಹೇಳಲು ಬಂದರು. ಬೈಯದೆ, ಅವ್ವನ ಕೈ ಹಿಡಿದು ಮೆಟ್ಟಿಲಿಳಿದೆ.

ಕಾರಿನಲ್ಲಿ ಕೂತ ಮೇಲೆ ಅವ್ವ, "ಊರ ಕಡೀಕೆ ಓಗು" ಅಂದಳು.

ಕೊಳ್ಳೇಗಾಲ ಬಿಟ್ಟೆವು. ಕೊನೆಗೆ ಕೇಳಿದೆ: "ಇಷ್ಟು ವರ್ಷ ಯಾಕವ್ವ ಬಾಯಿ ಬಿಡಲಿಲ್ಲ?"

"ನಿಮ್ಮಪ್ಪ ರೋಡ್ ಗುಡಿಸ್ತಾ ಇತ್ತು, ಕಣ್ಣೀರ್ ಸುರಿಸ್ಕಂಡು. ನನ್ ಕೂಗಿಗೇ ಬಿದ್ನಲ್ಲ ಅಂತ ಅತ್ರ ಓಗಕ್ಕೆ ಧೈರ್ಯ ಬರ್ನಿಲ್ಲ, ಮರದ ಮರೇಲೇ ನಿಂತು ನೋಡ್ತಿದ್ದೆ. ನಂಗೋಸ್ಕರ ಗುಡಿಸ್ತಾ ಅದೆ ಅಂತ ಗೊತ್ತಾಯ್ತು. ಅದು ಇರೋಗಂಟ ಎಂಗ್ ಯೋಳ್ಲಿ ಅಮ್ಮಿ? ಆಮೇಕೆ ನೀನೂ ಅದ್ನೇ ಯೋಳ್ದೆ."

ನಾನು ಅಳುತ್ತಾ ಓಡಿಸುತ್ತಿದ್ದೆ, ನಾಚಿಕೆ ಬಿಟ್ಟು. ನಾವೆಲ್ಲ ಸೇರಿ ಅವಳನ್ನು ಕಾಪಾಡಿದೆವು ಅಂದುಕೊಂಡಿದ್ದೆವು. ಅವಳು ಒಬ್ಬಳೇ ನಮ್ಮನ್ನೆಲ್ಲ ಕಾಪಾಡಿಕೊಂಡು, ಮಗನಿಗೆ ಬೀಳುತ್ತಿದ್ದ ಬೈಗುಳ ಕೇಳಿಕೊಂಡು ಕೂತಿದ್ದಳು.

ಕಾಮಗೆರೆ ದಾಟಿತು. ಬಿಸಿಲಿತ್ತು. ತಿರುವಿನಲ್ಲಿ ಯಾರದೋ ಹುರುಳಿ ಇನ್ನೂ ಹಾಸಿತ್ತು, ಇಬ್ಬರು ಹೆಂಗಸರು ಕವೆಗೋಲಿನಲ್ಲಿ ತಿರುವಿ ಹಾಕುತ್ತಿದ್ದರು. ಅಭ್ಯಾಸಬಲದಿಂದ ನನ್ನ ಕಾಲು ಆಕ್ಸಲರೇಟರಿಗೆ ಹೋಯಿತು. ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟಳು.

"ಮೆಲ್ಲಗೆ ಓಗು."

ಕಾಲು ತೆಗೆದೆ. ಗೇರು ಇಳಿಸಿದೆ.

"ಇನ್ನೂ ಮೆಲ್ಲಗೆ."

ಹುರುಳಿಯ ಮೇಲೆ ಹತ್ತಿದೆವು. ಕಾಯಿ ಒಂದೊಂದೇ ಒಡೆಯುವುದು ಕೇಳಿಸುತ್ತಿತ್ತು. ನನ್ನ ಬಲಗಡೆ ಕಿಟಕಿಯ ಆಚೆ ಅವನು ಬಂದ. ಬರಲಿ ಎಂದು ಬಿಟ್ಟೆ.

"ಇನ್ನೂ ಒಸಿ... ಆಂ. ಇಷ್ಟು. ಇಷ್ಟೇ ನಿದಾನುಕ್ಕೆ ಬತ್ತಿದ್ದ ಕಣಮ್ಮಿ. ನೋಡ್ಕ."

ನೋಡಿದೆ. ಮುಳ್ಳು ಇಪ್ಪತ್ತನ್ನೂ ಮುಟ್ಟಿರಲಿಲ್ಲ.