ಚಿಗವ್ವನ ಮೆಮೊರಿ ಕಾರ್ಡು

ಮೊಬೈಲಿನಲ್ಲಿ ಏನನ್ನಾದರೂ ಅಳಿಸಲು ಹೊರಟರೆ ಅದು ಒಂದು ಕ್ಷಣ ತಡೆದು, 'ಖಂಡಿತ ಅಳಿಸಬೇಕೆ?' ಎಂದು ಕೇಳುತ್ತದಲ್ಲ, ಆ ವಿನಯ ನನಗೆ ಬಹಳ ಮೆಚ್ಚುಗೆ. ನನ್ನ ಬಾಳಿನಲ್ಲಿ ಇಷ್ಟು ಸೌಜನ್ಯದಿಂದ ಎರಡನೆಯ ಸಲ ಕೇಳಿದವರು ಕಡಿಮೆ. ಒಂದನೆಯ ಇಯತ್ತೆಯಲ್ಲಿ ನಾನು ನಾಲಿಗೆ ಕಚ್ಚಿಕೊಂಡು ಪಾಟಿಯ ಮೇಲೆ ಮೂಡಿಸಿದ 'ಅ'ಕಾರವನ್ನು ಮಾಸ್ತರರು ಅಂಗೈಯಿಂದ ಒರೆಸಿ ಹಾಕುವಾಗ ಕೇಳಲಿಲ್ಲ. ನನ್ನ ಲಗ್ನದ ಮಾತುಕತೆಯಲ್ಲಿ ಹಿರಿಯರು ಪರಸ್ಪರ ಸಕ್ಕರೆ ತಿನ್ನಿಸಿಕೊಳ್ಳುವಾಗಲೂ ಯಾರೂ ನನ್ನತ್ತ ತಿರುಗಿ 'ಖಂಡಿತವೇನವ್ವಾ?' ಎನ್ನಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ, ಆ ಮಾತು ಬೇರೆ. ಇದನ್ನು ನಮ್ಮ ಮನೆಯವರೂ ಓದುವವರಿದ್ದಾರೆ.

ಅಳಿಸುವುದರ ಬಗ್ಗೆ ನನಗೆ ಇಷ್ಟೊಂದು ತತ್ತ್ವಜ್ಞಾನ ಹುಟ್ಟಿಕೊಂಡದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಡಿಜಿಟಲ್ ಫೊರೆನ್ಸಿಕ್ಸ್ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಹೆಸರು ಹಚ್ಚಿದ ಮೇಲೆ. ಫೋನು, ಕಂಪ್ಯೂಟರುಗಳ ಹೊಟ್ಟೆಯಲ್ಲಿ ಅಡಗಿದ, ಅಳಿದುಹೋದ ಸಂಗತಿಗಳನ್ನು ನ್ಯಾಯಾಲಯ ಒಪ್ಪುವ ಹಾಗೆ ಹೊರತೆಗೆಯುವ ವಿದ್ಯೆ ಇದು. ನಾನು ಗೋಕಾಕದಲ್ಲಿ ವಾಸಿಸುವ, ಮೂಡಲಗಿಯ ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಬಡ ಶಿಕ್ಷಕಿ. ಮುಂಜಾನೆಯ ಬಸ್ಸಿನಲ್ಲಿ ದಪ್ಪ ಪುಸ್ತಕ ತೆರೆದು ಕೂತರೆ, ಅರಭಾವಿಯಲ್ಲಿ ಇಳಿಯುವ ತೋಟಗಾರಿಕೆ ಕಾಲೇಜಿನ ಮಕ್ಕಳು ನನ್ನ ಕಡೆ ಕನಿಕರದಿಂದ ನೋಡುತ್ತಾರೆ. ಸಂಜೆ ಪರದೆಯ ಮೇಲೆ ಪಾಠ, ತಿಂಗಳಿಗೆರಡು ಭಾನುವಾರ ಜಿಲ್ಲಾ ಕೇಂದ್ರದ ಪ್ರಯೋಗಶಾಲೆಯಲ್ಲಿ ಕೆಲಸ. ಅಲ್ಲಿ ನನ್ನ ಸಹಪಾಠಿಗಳೆಲ್ಲ ನನ್ನ ಅರ್ಧ ವಯಸ್ಸಿನವರು. ನಮಗೆ ಕಲಿಸುವ ಸರ್ ಕೂಡ ನನ್ನ ಹಳೆಯ ವಿದ್ಯಾರ್ಥಿಗಳ ಓರಗೆಯವರೇ. ನಾನು 'ಸರ್' ಎಂದಾಗಲೆಲ್ಲ ಅವರು ಅರ್ಧ ಎದ್ದು ನಿಲ್ಲುತ್ತಾರೆ.

ಓಣಿಯಲ್ಲಿ ಸುದ್ದಿ ಹರಡಿದ ಮೇಲಂತೂ ನನ್ನ ಘನತೆ ಏಕಾಏಕಿ ಏರಿತು. ನಾನು ಗುಪ್ತಚರ ಇಲಾಖೆಗೆ ಸೇರಿದೆನೆಂದು ಕೆಲವರು, ಮೊಬೈಲು ರಿಪೇರಿ ಅಂಗಡಿ ತೆಗೆಯುವೆನೆಂದು ಕೆಲವರು ತಿಳಿದರು. ಎದುರುಮನೆಯಾಕೆ ಒಂದು ಮಧ್ಯಾಹ್ನ ಸಾರಿನ ಬಟ್ಟಲಿನ ನೆಪದಲ್ಲಿ ಬಂದು, ದನಿ ತಗ್ಗಿಸಿ, "ಟೀಚರ್, ನಮ್ಮ ಮನ್ಯಾರ ಫೋನ್ ಒಂದ ಸಲ ನೋಡಿ ಕೊಡ್ತೀರೇನ್ರಿ? ಅವರಿಗೇನೂ ಹೇಳಬ್ಯಾಡ್ರಿ ಮತ್ತ" ಎಂದಳು. ಒಡೆಯರ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಸಾಧನವನ್ನೂ ಮುಟ್ಟಕೂಡದೆಂಬ ನಮ್ಮ ಶಾಸ್ತ್ರದ ಮೊದಲ ನಿಯಮವನ್ನು ನಾನು ಗಂಭೀರವಾಗಿ ವಿವರಿಸಿದೆ. ಆಕೆ ಸಾರಿನ ಬಟ್ಟಲನ್ನು ವಾಪಸು ಒಯ್ದಳೆಂದು ಹೇಳುವುದು ಸುಳ್ಳಾದೀತು, ಆದರೆ ಎರಡನೆಯ ಸಲ ಸಾರು ಬರಲಿಲ್ಲ.

ಆ ಶಾಸ್ತ್ರದ ಎರಡನೆಯ ಪಾಠ ನನ್ನನ್ನು ಬಹಳ ಹಿಂದಕ್ಕೆ ಎಳೆದೊಯ್ದಿತು. ಒಂದು ಸಾಕ್ಷ್ಯ ಯಾರ ಕೈಯಿಂದ ಯಾರ ಕೈಗೆ, ಯಾವ ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಹೋಯಿತೆಂಬುದಕ್ಕೆ ಸಹಿಸಹಿತ ದಾಖಲೆ ಇರಬೇಕು, ನಡುವೆ ಒಂದು ಕೊಂಡಿ ಕಳಚಿದರೂ ಅದು ಸಾಕ್ಷ್ಯವಲ್ಲ ಎಂದು ಸರ್ ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಗೋಕಾಕದ ಬಸ್ ನಿಲ್ದಾಣ ಬಂದು ನಿಂತಿತು. ಕಾಲೇಜು ಓದುವಾಗ ನಾವು ಮೂವರು ಹುಡುಗಿಯರು ಬಾಡಿಗೆಗೆ ಖೋಲಿ ಮಾಡಿಕೊಂಡಿದ್ದೆವು. ನಮ್ಮ ಊಟ ಊರಿಂದ ಬಸ್ಸಿನಲ್ಲಿ ಬರುತ್ತಿತ್ತು. ಅವ್ವ ಕೌಜಲಗಿಯಲ್ಲಿ ಬುತ್ತಿ ಕಟ್ಟಿ ಡ್ರೈವರಣ್ಣನ ಬಾಜೂಕೆ ಇಟ್ಟರೆ, ಅದು ಇಲ್ಲಿ ಹತ್ತಾರು ಬುತ್ತಿಗಳ ನಡುವೆ ಬಂದು ಇಳಿಯುತ್ತಿತ್ತು. ಹೆಸರಿಲ್ಲ, ಚೀಟಿಯಿಲ್ಲ, ಸಹಿಯಂತೂ ಇಲ್ಲವೇ ಇಲ್ಲ. ಬಟ್ಟೆಯ ಗಂಟಿನ ರೀತಿ ನೋಡಿಯೇ ಇದು ನಮ್ಮವ್ವನದೆಂದು ಎತ್ತಿಕೊಳ್ಳುತ್ತಿದ್ದೆವು. ಮೂರು ವರ್ಷದಲ್ಲಿ ಒಂದು ರೊಟ್ಟಿಯೂ ಬೇರೆಯವರ ಹೊಟ್ಟೆ ಸೇರಿದ್ದಿಲ್ಲ. ಸೇರಿದ್ದರೆ ಅದು ಪಕ್ಕದ ಖೋಲಿಯವರ ಶೇಂಗಾ ಹೋಳಿಗೆಯಾಗಿದ್ದು, ಆ ಪ್ರಕರಣದಲ್ಲಿ ನಾನೇ ಆರೋಪಿಯಾದ್ದರಿಂದ ಹೆಚ್ಚು ಹೇಳಲಾರೆ.

ಸೋಮವಾರ ಮಾತ್ರ ನಾನು ಇನ್ನೊಂದು ಬಸ್ಸಿಗೂ ಕಾಯುತ್ತಿದ್ದೆ. ಅದು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಕಡೆಯಿಂದ ಬರುವ ಬಸ್ಸು. ಅದರಲ್ಲಿ ಚಿಗವ್ವನ ಬುತ್ತಿ ಇರುತ್ತಿತ್ತು. ಚಿಗವ್ವನೆಂದರೆ ನನ್ನ ಅವ್ವನ ತಂಗಿ, ಮಕ್ಕಳಿಲ್ಲದವಳು, ಆದ್ದರಿಂದ ನನ್ನನ್ನು ಅರ್ಧ ತನ್ನವಳೆಂದು ಯಾರನ್ನೂ ಕೇಳದೆ ಬರೆಸಿಕೊಂಡವಳು. ಮಾದಲಿಯನ್ನೋ ಎಣಗಾಯಿಯನ್ನೋ ತುಂಬಿ ಕಳಿಸುತ್ತಿದ್ದಳು. ಆಕೆಯ ಕೈರುಚಿಗಿಂತ ದೊಡ್ಡದು ಆಕೆಯ ಕಂಠ. ಕುಬಸ, ತೊಟ್ಟಿಲು, ಸೋಬಾನೆ, ಯಾವುದೇ ಇರಲಿ, ಬೆಲ್ಲದ ಬಾಗೇವಾಡಿಯ ಹೆಣ್ಣುಮಕ್ಕಳು ಚಿಗವ್ವ ಬಂದು ಕೂಡುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಹಳೆಯ ಧಾಟಿಗೆ ತನ್ನವೇ ನುಡಿ ಕೂಡಿಸುವ ಚಟವೂ ಇತ್ತು. ನನ್ನ ಬುತ್ತಿಯ ಮೇಲೂ ಒಂದು ಹಾಡು ಕಟ್ಟಿ, ಎಲ್ಲರೆದುರು ಹಾಡಿ ನನ್ನ ಮುಖ ಕೆಂಪಗೆ ಮಾಡಿದ್ದಳು:

ಸಾವಕಾಶ ಹೋಗೊ, ಓಡಬ್ಯಾಡ ಮೋಟಾರ,
ಎಣಗಾಯಿ ರಸ ಚೆಲ್ಲೀತೊ – ಹಸದಾಳ
ಅಕ್ಷರ ಕಲಿಯೊ ನನ ಮಗಳ.

ಇನ್ನೂ ಏಳೆಂಟು ನುಡಿಗಳಿದ್ದವು. ನನಗೆ ನೆನಪಿರುವುದು ಇದೊಂದೇ.

ಆರೇಳು ವರ್ಷಗಳ ಹಿಂದೆ ಚಿಗವ್ವನಿಗೆ ನಾನೊಂದು ಫೋನು ಕೊಡಿಸಿ, ಧ್ವನಿಮುದ್ರಣ ಮಾಡುವುದನ್ನು ಕಲಿಸಿದೆ. ಒಂದು ಇಡೀ ದಿನ ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಹಾಡಿದಳು, ನಾನು ಒಂದೊಂದಕ್ಕೂ ಹೆಸರು ಬರೆದು ಮೆಮೊರಿ ಕಾರ್ಡಿಗೆ ಸೇರಿಸಿದೆ. ಇಪ್ಪತ್ತಮೂರು ಹಾಡುಗಳು. ತರಗತಿಯಲ್ಲಿ ದಿನಕ್ಕೆ ಹತ್ತು ಸಲ 'ಮಕ್ಕಳೇ, ಪ್ರತಿ ಇಟ್ಟುಕೊಳ್ಳಿ, ಪ್ರತಿ ಇಟ್ಟುಕೊಳ್ಳಿ' ಎಂದು ಗಂಟಲು ಹರಿದುಕೊಳ್ಳುವ ನಾನು ಅವುಗಳ ಒಂದು ಪ್ರತಿಯನ್ನೂ ತೆಗೆದಿಟ್ಟುಕೊಳ್ಳಲಿಲ್ಲ. ಆಮೇಲೆ ತೆಗೆದುಕೊಂಡರಾಯಿತು, ಚಿಗವ್ವ ಎಲ್ಲಿ ಹೋಗುತ್ತಾಳೆ ಎಂದುಕೊಂಡೆ. ಚಿಗವ್ವ ಎಲ್ಲಿಯೂ ಹೋಗಲಿಲ್ಲ. ಹೋದ ವರ್ಷ ಆಕೆಯ ಗಂಟಲಿನಲ್ಲಿ ಗಡ್ಡೆ ಕಾಣಿಸಿ, ಶಸ್ತ್ರಚಿಕಿತ್ಸೆಯಾಗಿ, ಜೀವ ಉಳಿಯಿತು, ದನಿ ಹೋಯಿತು. ಈಗ ಪಿಸುಮಾತಷ್ಟೇ, ಅದನ್ನೂ ಹೆಚ್ಚು ಆಡಕೂಡದೆಂದು ಡಾಕ್ಟರರ ಅಪ್ಪಣೆ.

ಹಾಡುಗಳನ್ನು ಕೇಳೋಣವೆಂದು ನಾನು ಫೋನು ತೆರೆದರೆ ಒಂದೂ ಇರಲಿಲ್ಲ. "ಜಾಗಾ ಇಲ್ಲ ಅಂದ್ರವ್ವ, ತಗಿಸಿದೆ" ಎಂದು ಪಿಸುಗುಟ್ಟಿದಳು. ಯಾರು ಅಂದರು, ಯಾತಕ್ಕೆ ಜಾಗ ಬೇಕಾಯಿತು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇನಿತ್ತು? ನನ್ನ ಬಳಿ ವಿದ್ಯೆಯಿತ್ತಲ್ಲ! ಅಳಿಸಿದ್ದು ಅಳಿಯುವುದಿಲ್ಲ ಎಂಬುದೇ ಆ ವಿದ್ಯೆಯ ಮೂಲಮಂತ್ರ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದರೂ ಹುಡುಗಿ ತನ್ನ ಬೆಂಚಿನ ಮೇಲೆ ಕೂತೇ ಇರುತ್ತಾಳೆ; ಆ ಜಾಗಕ್ಕೆ ಇನ್ನೊಬ್ಬಳು ಬಂದಾಗ ಮಾತ್ರ ಅವಳು ಏಳಬೇಕು. ನಾನು ಚಿಗವ್ವನ ಕೈ ಹಿಡಿದು, "ಎಲ್ಲಾ ಪದಾ ಹೊಳ್ಳಿ ತಂದು ಕೊಡ್ತೇನಿ ನೋಡ" ಎಂದು ಮಾತು ಕೊಟ್ಟುಬಿಟ್ಟೆ. ಆಕೆಯ ಕಣ್ಣು ಹೊಳೆದದ್ದನ್ನು ನೋಡಿ ನನಗೆ ಆಗಲೇ ಪದವಿ ಬಂದಷ್ಟು ಹಿಗ್ಗಾಯಿತು.

ಆ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ನಿಜವಾದ ಸಾಧನವನ್ನು ಪರೀಕ್ಷಿಸಿ ವರದಿ ಬರೆಯಬೇಕಿತ್ತು. ಚಿಗವ್ವನಿಂದ ಒಪ್ಪಿಗೆಪತ್ರಕ್ಕೆ ಸಹಿ ಮಾಡಿಸಿಕೊಂಡು, ಫೋನನ್ನು ಸೀಲು ಮಾಡುವ ಚೀಲ ತೆರೆದರೆ, ಆಕೆ "ತಡಿ, ಮಂದಿ ಕೈಯಾಗ ಕೊಡೂದು, ಹೊಲಸ ಕಾಣ್ತೈತಿ" ಎಂದು ಅದನ್ನು ಒದ್ದೆ ಬಟ್ಟೆಯಿಂದ ತಿಕ್ಕಿ, ಸೆರಗಿನಿಂದ ಒರೆಸಿ, ಮೇಲೊಂದು ವಿಭೂತಿಯ ಗೆರೆ ಎಳೆದು ಕೊಟ್ಟಳು. ಸಾಕ್ಷ್ಯವಸ್ತುವಿನ ಸ್ಥಿತಿ ಎಂಬ ಕಾಲಂನಲ್ಲಿ ಏನು ಬರೆಯಬೇಕೆಂದು ಹೊಳೆಯದೆ, 'ಸ್ವಚ್ಛ ಹಾಗೂ ಪವಿತ್ರ' ಎಂದು ಬರೆದೆ. ಸರ್ ಎರಡನೆಯ ಪದವನ್ನು ಹೊಡೆದು ಹಾಕಿದರು.

ಪ್ರಯೋಗಶಾಲೆಯಲ್ಲಿ ಕೈಗವಸು ತೊಟ್ಟು, ಉಗುರಿನಷ್ಟಿದ್ದ ಆ ಮೆಮೊರಿ ಕಾರ್ಡನ್ನು ಓದಲು ಬಿಡುವ ಆದರೆ ಬರೆಯಲು ಬಿಡದ ಒಂದು ಪೆಟ್ಟಿಗೆಗೆ ಜೋಡಿಸಿ, ಅದರ ಯಥಾವತ್ ಪ್ರತಿ ತೆಗೆದೆ. ತಂತ್ರಾಂಶ ಹುಡುಕಾಟ ಆರಂಭಿಸಿತು. ಮೊದಲು ಹೆಸರುಗಳು ಸಿಕ್ಕವು. ನಾನೇ ಬರೆದ ಹೆಸರುಗಳು: ತೊಟ್ಟಿಲ ಹಾಡು, ಕುಬಸದ ಹಾಡು, ಬುತ್ತಿ ಹಾಡು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಆ ಹೆಸರುಗಳ ಜಾಗದಲ್ಲಿ ಏನಿದೆಯೆಂದು ತೆರೆಯುತ್ತ ಹೋದೆವು. ತೊಟ್ಟಿಲ ಹಾಡಿದ್ದ ಕಡೆ ಒಂದು ಕೆಂಪು ಗುಲಾಬಿ. ಕುಬಸದ ಹಾಡಿದ್ದ ಕಡೆ ಗುಡ್ಡದ ಹಿಂದೆ ಸೂರ್ಯ. ಬುತ್ತಿ ಹಾಡಿದ್ದ ಕಡೆ ಹಬೆಯಾಡುವ ಚಹಾದ ಕಪ್ಪು-ಬಸಿ, ಪಕ್ಕದಲ್ಲಿ ಎರಡು ಬಿಸ್ಕೀಟು, ಮೇಲೆ ದುಂಡಗೆ 'ಶುಭೋದಯ'. ಒಂದರ ಹಿಂದೊಂದು ನೂರಾರು ಹೂವು. ಸರ್ ನಕ್ಕು, "ಇವನ್ನ ಕಳಿಸಿದವರು ಭಾಳ ಶಿಸ್ತಿನವರಿರಬೇಕ್ರಿ ಮೇಡಂ. ಒಂದ ದಿನಾನೂ ತಪ್ಪಿಲ್ಲ" ಎಂದರು.

ಕಳಿಸಿದವಳು ನಾನು. ಆ ಚಹಾದ ಬಸಿ ನನಗೆ ಗುರುತಿಲ್ಲದೆ ಇದ್ದೀತೆ? ವರ್ಷಗಳಿಂದ ಪ್ರತಿ ಮುಂಜಾನೆ ಬಸ್ಸು ಕಾಯುತ್ತ, ಯಾರೋ ನನಗೆ ಕಳಿಸಿದ ಚಿತ್ರವನ್ನು ನೋಡಿಯೂ ನೋಡದೆ ಅರವತ್ತು ಜನರ ಪಟ್ಟಿಗೆ ಹೆಬ್ಬೆರಳಿನಿಂದ ತಳ್ಳುತ್ತಿದ್ದೆ. ಅದರಿಂದ ಸಂಬಂಧಗಳೆಲ್ಲ ಸುಸ್ಥಿತಿಯಲ್ಲಿವೆ ಎಂಬ ನೆಮ್ಮದಿಯಿತ್ತು, ಫೋನು ಹಚ್ಚಿ ಮಾತಾಡುವ ತಾಪತ್ರಯ ತಪ್ಪುತ್ತಿತ್ತು. ಒಂದೊಂದು ಹೂವೂ ಒಂದೊಂದು ನುಡಿಯ ಜಾಗದಲ್ಲಿ ಕೂತಿತ್ತು. ವರದಿಯಲ್ಲಿ ಭಾವನೆಗೆ ಅವಕಾಶವಿಲ್ಲ. 'ದತ್ತಾಂಶವು ಪೂರ್ಣವಾಗಿ ಮರುಬರಹಗೊಂಡಿದ್ದು, ಮರಳಿ ಪಡೆಯುವುದು ಅಸಾಧ್ಯ' ಎಂದು ಬರೆದೆ. ನನಗೆ ಒಳ್ಳೆಯ ಅಂಕಗಳೇ ಬಂದವು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಮರುವಾರ ಬೆಲ್ಲದ ಬಾಗೇವಾಡಿಗೆ ಹೋಗಿ ಫೋನನ್ನು ಚಿಗವ್ವನ ಕೈಗಿಟ್ಟೆ. ಹಾಡು ಸಿಗಲಿಲ್ಲವೆಂದೆ, ಯಾಕೆ ಸಿಗಲಿಲ್ಲವೆಂಬುದನ್ನೂ ಹೇಳಿದೆ. ಚಿಗವ್ವ ಫೋನನ್ನು ಸೆರಗಿನಿಂದ ಒರೆಸಿ ಮಗ್ಗುಲಿಗೆ ಇಟ್ಟುಕೊಂಡಳು. ಆಮೇಲೆ ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಪಿಸುಗುಟ್ಟಿದಳು: "ಹುಕ್ಕೇರಿಗೆ ಹೋಗಿದ್ನೆವ್ವ, ಮೊಬೈಲ್ ಅಂಗಡಿಗೆ. ನನ್ನ ಮಗಳ ಹೂವೆಲ್ಲಾ ಕಾರ್ಡಿನ್ಯಾಗ ಹಾಕಿ ಕೊಡಪಾ ಅಂದೆ. ಅವಾ, ಜಾಗಾ ಇಲ್ಲವ್ವಾರ, ಹೂವರ ತಗೀರಿ ಇಲ್ಲಾ ಹಾಡರ ತಗೀರಿ ಅಂದ. ಪದಾ ತಗಿ ಅಂದೆ. ಪದಾ ಆವಾಗ ನನ್ನ ಕೊಳ್ಳಾಗ ಇದ್ದುವಲ್ಲ."

ಆ ಹೂವುಗಳು ನನ್ನವಲ್ಲ ಚಿಗವ್ವ, ಯಾರೋ ಮಾಡಿದವು, ಅರವತ್ತು ಮಂದಿಗೆ ಒಮ್ಮೆಲೇ ಕಳಿಸುತ್ತಿದ್ದೆ ಎಂದು ತಪ್ಪೊಪ್ಪಿಕೊಂಡೆ. ಆಕೆ ಸದ್ದಿಲ್ಲದೆ ನಕ್ಕಳು. "ಗೊತ್ತೈತಿ ಬಿಡ. ಕೌಜಲಗಿ ಅಕ್ಕಗೂ ಅದ ಹೂವ ಬರ್ತಿತ್ತ. ಇಬ್ಬರೂ ಫೋನ್ ಹಚ್ಚಿ ತಾಳೆ ನೋಡ್ತಿದ್ವಿ." ಅಕ್ಕ ಎಂದರೆ ನನ್ನ ಅವ್ವ! ಬುತ್ತಿ ಹಾಡಿನ ನುಡಿಗಳನ್ನಾದರೂ ಹೇಳು, ಬರೆದುಕೊಳ್ಳುತ್ತೇನೆ ಎಂದು ಪೆನ್ನು ತೆಗೆದೆ. "ಬರೀ ನುಡಿ ಹೇಳಿದ್ರ ಪದಾ ಆಗ್ತೈತೇನ?" ಎಂದಳು. ಆದರೂ ನಾನು ಬಿಡಲಿಲ್ಲ, ಆಕೆ ಐದು ನುಡಿ ಹೇಳಿದಳು, ಆರನೆಯದಕ್ಕೆ ಕೆಮ್ಮು ಬಂತು, ನಾನೇ ಸಾಕೆಂದೆ.

ಊರಿಗೆ ಬಂದವಳೇ ಶಪಥ ಮಾಡಿ ಆ ಅರವತ್ತು ಜನರ ಪಟ್ಟಿಯನ್ನು ಅಳಿಸಿ ಹಾಕಿದೆ. ಇನ್ನು ಯಾರ ಫೋನಿಗೂ ನನ್ನಿಂದ ಒಂದು ಹೂವೂ ಹೋಗಕೂಡದು. ವಾರಕ್ಕೊಮ್ಮೆ, ಭಾನುವಾರ ಸಾವಕಾಶವಾಗಿ ಫೋನು ಹಚ್ಚಿ ಮಾತಾಡುವುದೆಂದು ನಿಯಮ ಹಾಕಿಕೊಂಡೆ. ಐವತ್ತೆಂಟು ಜನರಿಗೆ ವ್ಯತ್ಯಾಸವೇ ತಿಳಿದಂತೆ ಕಾಣಲಿಲ್ಲ; ಒಬ್ಬರು ಮಾತ್ರ ಬಸ್ಸಿನಲ್ಲಿ ಸಿಕ್ಕು ಧನ್ಯವಾದ ಹೇಳಿದರು.

ಮೂರನೆಯ ದಿನ ಬುಧವಾರ. ಮೂಡಲಗಿಯ ಬಸ್ಸು ಹತ್ತಿ ಕೂತಿದ್ದೆ, ಫೋನು ರಿಂಗಾಯಿತು. ಚಿಗವ್ವನ ಹೆಸರು. ಶಸ್ತ್ರಚಿಕಿತ್ಸೆಯಾದ ಮೇಲೆ ಆಕೆ ತಾನಾಗಿ ಯಾರಿಗೂ ಫೋನು ಹಚ್ಚಿದ್ದಿಲ್ಲ. ಎತ್ತಿ ಹಲೋ ಹಲೋ ಎಂದು ಕೂಗಿದೆ. ಬಸ್ಸಿನ ಗದ್ದಲದಲ್ಲಿ ಏನೂ ಕೇಳಲಿಲ್ಲ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದಕ್ಕೆ ಫೋನು ಒತ್ತಿ ಹಿಡಿದಾಗ, ಉಸಿರೆಳೆದುಕೊಳ್ಳುವ ಸದ್ದು, ಅದರ ಹಿಂದೆ ಸವೆದ ಪಿಸುಮಾತು ಕೇಳಿತು.

"ಯವ್ವಾ... ಮೂರ ದಿನಾ ಆತು. ಹೂವ ಬರಲಿಲ್ಲ. ಆರಾಮ ಅದೀಯಿಲ್ಲೊ?"

"ಅದೇನಿ ಚಿಗವ್ವ, ಆರಾಮ ಅದೇನಿ."

"ಹಂಗಾರ ಇಡ್ತೇನವ್ವ. ಕೊಳ್ಳ ನೋಯ್ತೈತಿ" ಎಂದು ಇಟ್ಟುಬಿಟ್ಟಳು.